ಮಾಘದ ಗುಡ್ಡಕ್ಕೆ ‘ಆಫ್ ಸೀಸನ್’ ಚೀಟಿ ಅಂಟಿಸಿದವರಾರು?

ಗದಗ ಜಿಲ್ಲೆಯ ಗಜೇಂದ್ರಗಡದ ಬಗ್ಗೆ ಒಂದು ತೀರ್ಪು ಯಾವ ವಿಚಾರಣೆಯೂ ಇಲ್ಲದೆ ಜಾರಿಯಲ್ಲಿದೆ. ಶ್ರಾವಣದಲ್ಲಿ ಹೋಗಬೇಕು, ತಡವಾದರೆ ದೀಪಾವಳಿಯೊಳಗೆ ನೋಡಿ ಮುಗಿಸಬೇಕು. ಸಂಕ್ರಾಂತಿ ದಾಟಿತೆಂದರೆ ಅಲ್ಲಿ ಬರೀ ಬಿಸಿಲು, ಬೋಳು ಗುಡ್ಡ. ಮೊಬೈಲಿನಲ್ಲಿ ಓಡಾಡುವ ರೀಲುಗಳೂ ಇದಕ್ಕೇ ಸಾಕ್ಷಿ ನುಡಿಯುತ್ತವೆ: ಮೋಡ ಕವಿದ ಗುಡ್ಡದ ನೆತ್ತಿ, ಹಸಿರು ಹುಲ್ಲು, ಗಿರಗಿರನೆ ತಿರುಗುವ ಗಾಳಿ ಫ್ಯಾನುಗಳು, ಕೆಳಗೆ ಊಟಿಯದೋ ಮಲೆನಾಡಿನದೋ ಹೋಲಿಕೆ. ಊರವರೇ ಈ ತೀರ್ಪಿಗೆ ತಲೆಬಾಗಿರುವುದು ಇನ್ನೂ ಸೋಜಿಗ. ಫೆಬ್ರುವರಿಯಲ್ಲಿ ಬಸ್ಸಿಳಿದು ಕೋಟೆಯ ದಾರಿ ಕೇಳಿದವರ ಮೇಲೆ ಚಹಾದಂಗಡಿಯವರೇ ಮರುಕ ಪಡುತ್ತಾರೆ: “ಈಗ ಯಾಕ ಬಂದ್ರಿ? ಮಳಿಗಾಲದಾಗ ಬರಬೇಕಿತ್ರಿ. ಈಗ ಏನೂ ಇಲ್ರಿ, ಎಲ್ಲಾ ಒಣಗೇತಿ.”

ಒಣಗಿರುವುದು ನಿಜ. ಏನೂ ಇಲ್ಲ ಎಂಬುದು ಸುಳ್ಳು.

ಮಾಘದ ಭರತ ಹುಣ್ಣಿಮೆಯಿಂದ ಯುಗಾದಿಯವರೆಗಿನ ಸುಮಾರು ಒಂದೂವರೆ ತಿಂಗಳು ಗಜೇಂದ್ರಗಡ ಸೀಮೆಯ ಬಿಡುವಿನ ಕಾಲವಲ್ಲ, ತುಂಬಿದ ಕಾಲ. ಆ ನೆಲ ವರ್ಷವಿಡೀ ದುಡಿದದ್ದು ಕಣ್ಣಿಗೆ ಕಾಣುವುದು, ಬಾಯಿಗೆ ಸಿಗುವುದು, ಕಾಲಿಗೆ ದಕ್ಕುವುದು ಆಗಲೇ. ಅದನ್ನು ‘ಆಫ್ ಸೀಸನ್’ ಎಂದು ಕರೆಯುವವರು ಊರನ್ನು ನೋಡಿ ಮಾತಾಡುತ್ತಿಲ್ಲ. ಹಸಿರೊಂದೇ ಚೆಲುವು ಎಂಬ ಎರವಲು ಅಳತೆಗೋಲು ಹಿಡಿದು ಮಾತಾಡುತ್ತಿದ್ದಾರೆ.

ಸೀಸನ್ ಎಂಬುದು ಪ್ರಕೃತಿಯ ಕಟ್ಟಳೆಯೇನೋ ಎಂಬಂತೆ ಜನ ನಂಬಿದ್ದಾರೆ. ಅದು ವ್ಯಾಪಾರದ ಕಟ್ಟಳೆ. ಫ್ರಾನ್ಸಿನ ಭೂಮಧ್ಯ ಸಮುದ್ರದ ದಂಡೆಯ ನೀಸ್ ಪಟ್ಟಣದ ಕಥೆ ಇದಕ್ಕೆ ಒಳ್ಳೆಯ ದೃಷ್ಟಾಂತ. ಇವತ್ತು ನೀಸ್ ಎಂದರೆ ಜುಲೈ-ಆಗಸ್ಟ್ ತಿಂಗಳ ಬಿಸಿಲು, ಕಡಲ ಸ್ನಾನ. ಆದರೆ ಅದನ್ನು ಪ್ರವಾಸಿಗರ ಊರನ್ನಾಗಿ ಮಾಡಿದ್ದು ಚಳಿಗಾಲ. ಸ್ಕಾಟ್ಲೆಂಡಿನ ಕಾದಂಬರಿಕಾರ ಟೊಬಯಾಸ್ ಸ್ಮಾಲೆಟ್ ಆರೋಗ್ಯ ಸುಧಾರಿಸಿಕೊಳ್ಳಲು 1763ರಲ್ಲಿ ಅಲ್ಲಿಗೆ ಹೋಗಿ ನೆಲೆಸಿದ. 1766ರಲ್ಲಿ ಬಂದ ಅವನ ಪ್ರವಾಸ ಪುಸ್ತಕ ಓದಿದವರು ಬೆನ್ನು ಹತ್ತಿದರು. 1820ರ ದಶಕದಲ್ಲಿ ದಂಡೆಯುದ್ದಕ್ಕೂ ಇಂಗ್ಲಿಷರ ಹಣದಲ್ಲೇ ನಡೆದಾರಿ ಎದ್ದಿತು. ಅದಕ್ಕೆ ಇಂದಿಗೂ ಅವರದೇ ಹೆಸರು. ವಿಕ್ಟೋರಿಯಾ ರಾಣಿ 1890ರ ದಶಕದಲ್ಲಿ ಬೇಸಿಗೆಗೆ ಮುಂಚೆಯೇ ಬಂದು ಅಲ್ಲಿನ ಸಿಮಿಯೇ ಬಡಾವಣೆಯಲ್ಲಿ ತಂಗುತ್ತಿದ್ದಳು. ಬೇಸಿಗೆ ಬಂತೆಂದರೆ ದಂಡೆಯ ದೊಡ್ಡ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. 1923ರಲ್ಲಿ ಮರ್ಫಿ ಎಂಬ ಅಮೆರಿಕನ್ ದಂಪತಿಯ ಒತ್ತಾಯಕ್ಕೆ ಅಂತಿಬ್ ಬಳಿಯ ಹೋಟೆಲೊಂದು ಬೇಸಿಗೆಯಲ್ಲೂ ಬಾಗಿಲು ತೆರೆದಿಟ್ಟಿತು. 1936ರಲ್ಲಿ ಫ್ರಾನ್ಸಿನ ಕಾರ್ಮಿಕರಿಗೆ ಸಂಬಳ ಸಹಿತ ರಜೆ ಸಿಕ್ಕಿತು, ಬೇಸಿಗೆಯ ಕಡಲು ಜನರಿಂದ ತುಂಬಿತು. ಒಂದೆರಡು ತಲೆಮಾರಿನೊಳಗೆ ಸೀಸನ್ನು ತಲೆಕೆಳಗಾಯಿತು. ಕಡಲು ಅದೇ, ಬಿಸಿಲು ಅದೇ. ಬದಲಾದವರು ಬರುವ ಜನ.

ಫೆಬ್ರುವರಿಯ ನೀಸ್ ಇಂದಿಗೂ ಹೇಗಿರುತ್ತದೆ? ಮಧ್ಯಾಹ್ನದ ಉಷ್ಣತೆ ಹದಿಮೂರು ಡಿಗ್ರಿ ಆಸುಪಾಸು. ನೀರಿಗಿಳಿದರೆ ಮೈ ಕೊರೆಯುತ್ತದೆ. ಆ ದಂಡೆಯ ಚಿಕ್ಕ ಊರುಗಳಲ್ಲಿ ಎಷ್ಟೋ ವಸತಿಗೃಹಗಳು ಮುಚ್ಚಿರುತ್ತವೆ. ಆದರೂ ಆ ತಿಂಗಳನ್ನು ಅಲ್ಲಿನವರು ಸತ್ತ ತಿಂಗಳೆಂದು ಬರೆದು ಹಾಕಿಲ್ಲ. ನೀಸಿನ ಕಾರ್ನಿವಲ್ ಈಗಿನ ರೂಪದಲ್ಲಿ 1873ರಿಂದ ನಡೆಯುತ್ತಿರುವುದು ಫೆಬ್ರುವರಿಯ ಸುಮಾರಿಗೇ. ನೆರೆಯ ಮಾಂತೋ ಊರಲ್ಲಿ ಅದೇ ಹೊತ್ತಿಗೆ ನಿಂಬೆಯ ಹಬ್ಬ. ಸಿಸಿಲಿಯ ಅಗ್ರಿಜೆಂಟೊದಲ್ಲಿ ಬಾದಾಮಿ ಗಿಡಗಳು ಹೂಬಿಟ್ಟದ್ದೇ ಒಂದು ಉತ್ಸವ. ಈಜಲೆಂದು ಹೋದವನು ಬೈದುಕೊಂಡು ಬರುತ್ತಾನೆ. ಆ ತಿಂಗಳು ಏನು ಕೊಡುತ್ತದೆಂದು ತಿಳಿದು ಹೋದವನಿಗೆ ಕೊರತೆಯಿಲ್ಲ. ಭೂಮಧ್ಯ ಸಮುದ್ರದ ಸುತ್ತ ಮಳೆ ಬೀಳುವುದೇ ಚಳಿಗಾಲದಲ್ಲಿ, ಅದರಿಂದ ಅಲ್ಲಿ ಫೆಬ್ರುವರಿ ಹಸಿರು, ಆಗಸ್ಟ್ ಬೆಂಗಾಡು. ಅಲ್ಲಿನ ಯಾರೂ ಆಗಸ್ಟಿನ ಒಣ ಗುಡ್ಡ ನೋಡಿ ‘ಏನೂ ಇಲ್ಲ’ ಎನ್ನುವುದಿಲ್ಲ. ಆ ಮಾತು ಹುಟ್ಟುವುದು ನಮ್ಮ ಬಯಲುಸೀಮೆಯ ವಿಷಯಕ್ಕೆ ಮಾತ್ರ.

ಹುಟ್ಟಲು ಕಾರಣವೂ ಇದೆ. ಕರ್ನಾಟಕದ ಪ್ರವಾಸದ ಕಣ್ಣು ಮಲೆನಾಡು ಮತ್ತು ಕೊಡಗಿನಲ್ಲಿ ಪಳಗಿದ ಕಣ್ಣು. ಜಲಪಾತ, ಕಾಫಿ ತೋಟ, ಮಂಜು. ಇಷ್ಟಿದ್ದರೆ ಅದು ನಿಸರ್ಗ. ಇಲ್ಲದಿದ್ದರೆ ಆ ಊರು ಬದುಕಬೇಕಾದರೆ ಮಲೆನಾಡಿನ ಹೆಸರನ್ನು ಕಡ ತರಬೇಕು. ಗದಗ ಜಿಲ್ಲೆಯ ಕಪ್ಪತಗುಡ್ಡವನ್ನು ‘ಉತ್ತರ ಕರ್ನಾಟಕದ ಸಹ್ಯಾದ್ರಿ’ ಎಂದು ಕರೆಯುವ ರೂಢಿ ನೋಡಿ. ಹೊಗಳಿಕೆಯಂತೆ ಕೇಳುತ್ತದೆ, ಒಳಗೆ ತಾತ್ಸಾರವಿದೆ. ಔಷಧಿ ಸಸ್ಯಗಳಿಗೆ ಹೆಸರಾದ, 2019ರಲ್ಲಿ ವನ್ಯಜೀವಿಧಾಮವಾದ ಗುಡ್ಡಕ್ಕೆ ತನ್ನ ಹೆಸರಿನ ಮೇಲೆ ನಿಲ್ಲುವ ಯೋಗ್ಯತೆ ಇಲ್ಲವೇ?

ಲೆಕ್ಕ ಹಾಕಿದರೂ ಈ ಅಳತೆ ನಿಲ್ಲದು. ಗದಗ ಜಿಲ್ಲೆಯ ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದರ ಮೂರು ಪಟ್ಟಿಗೂ ಮಿಗಿಲಾಗಿ ಸುರಿಯುತ್ತದೆ. ಸಹ್ಯಾದ್ರಿಯ ಮಳೆನೆರಳಿನ ಈ ಸೀಮೆಗೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಜುಲೈನಲ್ಲಿ ಹಸಿರು ಹುಡುಕಿ ಬಂದವರು ಮೋಡ ನೋಡಿ, ಹನಿ ಕಾಣದೆ ಹಿಂತಿರುಗಿದ ವರ್ಷಗಳಿಗೆ ಬರವಿಲ್ಲ. ಮಳೆ ನಿಜವಾಗಿ ಹಿಡಿದುಕೊಂಡಾಗಲೋ, ಕಪ್ಪು ಮಣ್ಣಿನ ಎರಿ ಹೊಲದಲ್ಲಿ ಕಾಲಿಡುವುದೇ ಸಾಹಸ. ನಾಲ್ಕು ಹೆಜ್ಜೆ ಇಟ್ಟರೆ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿಕೊಳ್ಳುತ್ತದೆ. ಐದನೆಯ ಹೆಜ್ಜೆಗೆ ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮೇಲೆ ಬರುತ್ತದೆ. ಹೊಲದ ದಾರಿಗೆ ಬೈಕೂ ಇಳಿಯದು. ಪ್ರವಾಸಿಗೆ ಆಗ ದಕ್ಕುವುದು ಡಾಂಬರು ರಸ್ತೆಯಿಂದ ಕಂಡಷ್ಟು ಗಜೇಂದ್ರಗಡ.

ಮಾಘದಲ್ಲಿ ಅದೇ ನೆಲ ಗಟ್ಟಿಯಾಗಿ, ಬಿರುಕು ಬಿಟ್ಟು ನಿಂತಿರುತ್ತದೆ. ಕೆಲವು ಬಿರುಕುಗಳಲ್ಲಿ ಮೊಣಕೈವರೆಗೆ ಕೈ ಇಳಿಸಬಹುದು. ಆ ಬಿರುಕುಗಳ ನಡುವೆ ಆಳೆತ್ತರದ ಜೋಳ. ಹಸಿರೇ ಚೆಲುವು ಎನ್ನುವವರು ಅರ್ಥ ಮಾಡಿಕೊಳ್ಳದೆ ದಾಟಿ ಹೋಗುವ ಸಂಗತಿ ಇದು. ಹಿಂಗಾರಿ ಜೋಳವನ್ನು ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನ ಮಳೆಯ ಹಸಿಗೆ. ಆಮೇಲೆ ಆಕಾಶದಿಂದ ಅದಕ್ಕೆ ಬರುವುದು ಇಬ್ಬನಿ ಮಾತ್ರ. ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವವನ್ನೇ ಬೇರಿನಿಂದ ಹೀರಿ, ಚಳಿಯಲ್ಲಿ ತೆನೆ ಕಟ್ಟಿ, ಫೆಬ್ರುವರಿಯ ಹೊತ್ತಿಗೆ ಅದು ಬಲಿಯುತ್ತದೆ. ಉತ್ತರ ಕರ್ನಾಟಕದ ಮನೆಮನೆಯ ರೊಟ್ಟಿಗೆ ಹೆಸರಾದ ಮಾಲದಂಡಿ ಜೋಳ ಈ ಬಗೆಯದು. ನಾಲ್ಕು ತಿಂಗಳು ಮಳೆಯಿಲ್ಲದೆ ಹೊಲವೊಂದು ರಾಶಿ ಮಾಡಿ ಕೊಡುತ್ತದೆ. ಅಂಥ ಹೊಲದ ಮುಂದೆ ನಿಂತು ‘ಎಲ್ಲಾ ಒಣಗಿದೆ’ ಎಂದು ಮೂಗು ಮುರಿಯುವುದು ಕೂಸು ಹುಟ್ಟಿದ ಮನೆಗೆ ಹೋಗಿ ಬಾಣಂತಿ ಸೊರಗಿದ್ದಾಳೆಂದು ಹಳಿದು ಬಂದಂತೆ.

ಹೊತ್ತು ಮೂಡುವ ಮೊದಲು ಹೊಲಕ್ಕೆ ಹೋದರೆ ಕೆಲಸ ಆಗಲೇ ನಡೆದಿರುತ್ತದೆ. ಈ ಕಡೆ ಜೋಳವನ್ನು ಕೀಳುವುದೇ ರೂಢಿ. ಸಾಲಾಗಿ ನಿಂತವರು ದಂಟನ್ನು ಎರಡೂ ಕೈಯಿಂದ ಹಿಡಿದು ಒಂದೇ ಜಗ್ಗಿಗೆ ಕಿತ್ತು, ಬೇರಿನ ಮಣ್ಣನ್ನು ಕಾಲಿಗೆ ಬಡಿದು ಉದುರಿಸಿ, ಬದಿಗೆ ಒರಗಿಸುತ್ತ ಮುಂದೆ ಸಾಗುತ್ತಾರೆ. ಇಬ್ಬನಿಗೆ ಎಲೆ ಮೆತ್ತಗಿರುವಾಗಲೇ ಮುಗಿಸಬೇಕು. ಬಿಸಿಲೇರಿದರೆ ಒಣ ಎಲೆಯ ಅಂಚು ಕೈ ಸೀಳುತ್ತದೆ. ಆಮೇಲೆ ತೆನೆ ಮುರಿಯುವುದು, ಕಣಿಕೆಯನ್ನು ಬಣವೆ ಒಟ್ಟುವುದು. ಕಣದಲ್ಲಿ ಎತ್ತು ಕಟ್ಟಿ ಹಂತಿ ಹೊಡೆಯುವುದು ಅಪರೂಪವಾಗಿ, ರಾಶಿ ಮಷಿನ್ ಬಂದಿದೆ. ಹೊಲದ ಅಂಚಿಗೆ ಕುಸುಬೆ. ದನ ಒಳನುಗ್ಗದಂತೆ ಬೇಲಿಯಾಗಿ ಬಿತ್ತಿದ ಆ ಮುಳ್ಳುಗಿಡ ಕಿತ್ತಳೆ-ಹಳದಿ ಹೂ ಹೊತ್ತು ನಿಂತಿರುತ್ತದೆ. ಹೂ ಬೇಕೆಂದು ಹಿಮಾಚಲಕ್ಕೆ ಹೋಗುವವರು ಇದನ್ನು ಹೂವೆಂದು ಎಣಿಸುವುದೇ ಇಲ್ಲ.

ಕಡಲೆ ಹೊಲದ ಕಥೆ ಇನ್ನೂ ಚೆಂದ. ಬೆಳಗಿನ ಹೊತ್ತು ಅದರೊಳಗೆ ನಡೆದು ಬಂದವರ ಪ್ಯಾಂಟಿನ ಅಂಚನ್ನು ನೆಕ್ಕಿದರೆ ಹುಳಿ. ಕಡಲೆ ಎಲೆಯ ಕೂದಲಿನಂಥ ಎಳೆಗಳು ಆಮ್ಲವನ್ನು ಸೂಸುತ್ತವೆ. ಅದು ಇಬ್ಬನಿಯಲ್ಲಿ ಬೆರೆಯುತ್ತದೆ. ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ನೆನೆದ ಮೇಲೆ ಹಿಂಡಿ, ಆ ಹುಳಿಯನ್ನು ಶೀಶೆಯಲ್ಲಿಟ್ಟುಕೊಂಡು ಹೊಟ್ಟೆನೋವಿಗೆ ಕೊಡುವುದು ಹಳೆಯ ಪದ್ಧತಿ. ರಸ್ತೆ ಬದಿಗೆ ಹಸಿ ಕಡಲೆ ಗಿಡದ ಕಟ್ಟುಗಳು, ಸುಟ್ಟ ಸುಲಗಾಯಿ. ಮಾಘದ ಮೊದಮೊದಲಿಗೆ ಹೋದವರಿಗೆ ತಡವಾಗಿ ಬಿತ್ತಿದ ಜೋಳದ ಹೊಲದಲ್ಲಿ ಕುಳ್ಳಿನ ಕೆಂಡದಲ್ಲಿ ಸುಟ್ಟ ಸೀತನಿಯೂ ಸಿಕ್ಕೀತು, ಜತೆಗೆ ಬೆಲ್ಲ, ಗುರೆಳ್ಳು ಚಟ್ನಿ. ಇವು ಯಾವುವೂ ಶ್ರಾವಣದಲ್ಲಿ ಇಲ್ಲ. ದುಡ್ಡು ಕೊಟ್ಟರೂ ಇಲ್ಲ.

‘ನೀರಿಲ್ಲದ ಊರಿಗೆ ಬೇಸಿಗೆಯ ಬಾಯಲ್ಲಿ ಯಾಕೆ ಹೋಗಬೇಕು’ ಎಂಬುದು ಎರಡನೆಯ ತಕರಾರು. ಅದಕ್ಕೆ ಉತ್ತರ ಊರ ಹತ್ತಿರದ ಕಾಲಕಾಲೇಶ್ವರ. ‘ದಕ್ಷಿಣ ಕಾಶಿ’ ಎಂದು ಭಕ್ತರು ಕರೆಯುವ ಈ ಕ್ಷೇತ್ರ ಗುಡ್ಡದ ಮಡಿಲಲ್ಲಿದೆ. ಗುಡಿಯ ಹೊರಗೆ ಮರದ ಬೇರಿನ ಬುಡದಿಂದ ವರ್ಷವಿಡೀ ನೀರು ಹರಿಯುತ್ತದೆ. ಜನ ಅದನ್ನು ಅಂತರಗಂಗೆ ಎನ್ನುತ್ತಾರೆ. ಮಳೆಗಾಲದಲ್ಲಿ ಎಲ್ಲೆಡೆ ನೀರು ಹರಿಯುವಾಗ ಈ ಸೆಲೆಯನ್ನು ಯಾರೂ ತಿರುಗಿ ನೋಡುವುದಿಲ್ಲ, ನೋಡಬೇಕಾದ ಕಾರಣವೂ ಇಲ್ಲ. ಮಾರ್ಚ್ ತಿಂಗಳಲ್ಲಿ, ಸುತ್ತಲಿನ ಹಳ್ಳಗಳೆಲ್ಲ ಬತ್ತಿದಾಗ, ಕಾದ ಬಂಡೆಗಳ ನಡುವೆ ಆ ತಣ್ಣನೆಯ ನೀರಿಗೆ ಬೊಗಸೆ ಒಡ್ಡಿದವರಿಗೆ ಅದು ಯಾಕೆ ತೀರ್ಥವಾಯಿತು ಎಂಬುದು ತಿಳಿಯುತ್ತದೆ. ಚಳಿಗಾಲ ಮುಗಿದು ಬರುವ ಯುಗಾದಿಯ ಹಿಂದಿನ ರಾತ್ರಿ ಗುಡಿಯೊಳಗೆ ಸುಣ್ಣ ಇಟ್ಟು ಬಾಗಿಲು ಹಾಕಿದರೆ ಬೆಳಗಾಗುವುದರೊಳಗೆ ಗೋಡೆಗೆ ತಾನಾಗಿ ಸುಣ್ಣ ಹಚ್ಚಿರುತ್ತದೆ ಎಂಬುದು ಅಲ್ಲಿನ ಭಕ್ತರ ನಂಬಿಕೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಊರಿನ ವರ್ಷ ತಿರುಗುವುದು ಯಾವ ತಿಂಗಳ ಸುತ್ತ ಎಂಬುದನ್ನಂತೂ ಆ ನಂಬಿಕೆ ಹೇಳುತ್ತದೆ.

ಇತಿಹಾಸ ನೋಡಲು ಬರುವವರಿಗಂತೂ ಒಣ ಕಾಲವೇ ಸರಿಯಾದ ಕಾಲ. ಗುಡ್ಡದ ಮೇಲಿನ ಕೋಟೆ ಮರಾಠ ಸರದಾರರಾದ ಘೋರ್ಪಡೆ ಮನೆತನದ್ದು. ದಖನ್ನಿನ ದಂಡುಗಳು ಹೊರಡುತ್ತಿದ್ದುದು ದಸರೆ ಕಳೆದ ಮೇಲೆ. ಮಳೆ ಬಿದ್ದರೆ ಎರಿ ನೆಲದಲ್ಲಿ ತೋಪಿನ ಗಾಡಿ ಹೂತುಹೋಗುತ್ತಿತ್ತು, ಹೊಳೆ ದಾಟಲಾಗುತ್ತಿರಲಿಲ್ಲ. ಈ ರೂಢಿ ಎಷ್ಟು ಗಟ್ಟಿಯಿತ್ತೆಂದರೆ 1786ರ ಮಳೆಗಾಲದಲ್ಲಿ ಟಿಪ್ಪು ಸುಲ್ತಾನ ತುಂಬಿ ಹರಿಯುವ ತುಂಗಭದ್ರೆಯನ್ನು ದಾಟಿ ಬಂದಾಗ ಮರಾಠರೂ ನಿಜಾಮನ ಕಡೆಯವರೂ ದಂಗಾದರು. ಟಿಪ್ಪುವಿಗೂ ಅವರಿಗೂ ನಡೆದಿದ್ದ ಆ ಯುದ್ಧ ಮುಗಿದದ್ದು 1787ರ ಗಜೇಂದ್ರಗಡ ಒಪ್ಪಂದದಿಂದ. ಬಾದಾಮಿ ಮರಾಠರ ಪಾಲಾಯಿತು. ಟಿಪ್ಪು 48 ಲಕ್ಷ ರೂಪಾಯಿ ಕೊಡಲು ಒಪ್ಪಿದ. ದಕ್ಷಿಣ ಭಾರತದ ಮೂರು ದೊಡ್ಡ ಶಕ್ತಿಗಳ ಲೆಕ್ಕಾಚಾರ ಈ ಊರಿನ ಹೆಸರಲ್ಲಿ ಬರೆಯಲ್ಪಟ್ಟಿದೆ. ರೀಲುಗಳಲ್ಲಿ ಇದರ ಸುಳಿವೂ ಸಿಗದು. ಕೋಟೆ ಹತ್ತುವ ಕಲ್ಲು ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುತ್ತದೆ, ಪೊದೆ ಬೆಳೆದು ಗೋಡೆಯ ಸಾಲು ಮುಚ್ಚಿಹೋಗುತ್ತದೆ. ಹುಲ್ಲು ಒಣಗಿದ ಮೇಲೆ ಗೋಡೆ ಎಲ್ಲಿ ತಿರುಗುತ್ತದೆ, ಹೊಂಡಗಳಿಗೆ ನೀರು ಯಾವ ದಿಕ್ಕಿನಿಂದ ಇಳಿಯುತ್ತಿತ್ತು ಎಂಬುದು ಬಿಡಿಸಿ ಕಾಣುತ್ತದೆ.

ಹತ್ತಿರದ ಸೂಡಿಗೂ ಈ ಮಾತು ಸಲ್ಲುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ, 11ನೆಯ ಶತಮಾನದ ಜೋಡು ಕಳಸದ ಗುಡಿ, ಮಲ್ಲಿಕಾರ್ಜುನ ಗುಡಿ ಇಲ್ಲಿವೆ. ದಂಡನಾಯಕ ನಾಗದೇವನ ಹೆಸರು ಇಲ್ಲಿನ ಕಟ್ಟೋಣಗಳಿಗೆ ಅಂಟಿಕೊಂಡಿದೆ. ನಾಗಕುಂಡದ ಮೆಟ್ಟಿಲುಗಳೂ ಒಳಗೋಡೆಯ ಪುಟ್ಟ ಗೂಡುಗಳೂ ಪೂರ್ತಿಯಾಗಿ ಕಾಣಬೇಕಾದರೆ ನೀರು ತಗ್ಗಿರಬೇಕು. ತುಂಬಿದ ಪುಷ್ಕರಣಿಯ ಚಿತ್ರ ಚೆಂದ. ಕಲ್ಲುಕುಟಿಗನ ಕೆಲಸ ಮಾತ್ರ ಅದರಡಿ ಮುಳುಗಿರುತ್ತದೆ. ನೆರೆಯ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರ ಮಹಾದೇವ ಗುಡಿ ಇದೆ. ಅದರ ಕಂಬಗಳ ತಿರುಪು, ಗೋಡೆಯ ಸೂಕ್ಷ್ಮ ಕೆತ್ತನೆ ಎದ್ದು ಕಾಣುವುದು ಮೋಡವಿಲ್ಲದ ಬೆಳಗಿನ ಓರೆ ಬಿಸಿಲಿನಲ್ಲಿ.

ಗುಡ್ಡ-ಗುಡಿಯ ನಂತರ ಊರೊಳಗಿನ ಕೈಮಗ್ಗ. ಗಜೇಂದ್ರಗಡ ಹೆಸರಾಗಿರುವುದು ಪಟ್ಟೇದ ಅಂಚು ಸೀರೆಗೆ: ದಪ್ಪ ಹತ್ತಿ ನೂಲು, ಚೌಕಳಿ ಮೈ, ಅಗಲವಾದ ಅಂಚು, ಮಗುಚಿ ಉಟ್ಟರೂ ಒಂದೇ ರೀತಿ ಕಾಣುವ ನೇಯ್ಗೆ. ಸವದತ್ತಿ ಎಲ್ಲಮ್ಮನ ಭಕ್ತರೊಂದಿಗೆ ನಂಟಿರುವ ಈ ಸೀರೆ ಮರೆಯಾಗುವ ಹಂತಕ್ಕೆ ಹೋಗಿ ಮತ್ತೆ ನೇಯಲ್ಪಡುತ್ತಿದೆ. ಮಳೆಗಾಲ ನೇಕಾರರಿಗೆ ಶತ್ರು. ಕುಣಿಮಗ್ಗದ ಕುಣಿಗೆ ತೇವ ಏರುತ್ತದೆ, ಗಂಜಿ ಹಾಕಿದ ಹಾಸು ಒಣಗುವುದಿಲ್ಲ. ಮಗ್ಗದ ಸದ್ದು ಬಿಡುವಿಲ್ಲದೆ ಕೇಳಬೇಕಾದರೆ ಬಿಸಿಲು ಬೇಕು. ಪ್ರವಾಸಿಗರು ಬಿಸಿಲಿಗೆ ಹೆದರಿ ಬಾರದ ತಿಂಗಳೇ ನೇಕಾರನ ಕೈ ಚುರುಕಾಗಿರುವ ತಿಂಗಳು. ಅಂಗಡಿಯ ದಲ್ಲಾಳಿಯನ್ನು ದಾಟಿ ನೇರವಾಗಿ ಮಗ್ಗದಿಂದ ಸೀರೆ ಕೊಳ್ಳುವ ಗಿರಾಕಿ ಆಗಲೇ ಬರುವುದಿಲ್ಲ.

ಇನ್ನೊಂದು ಅತಿಥಿವರ್ಗ ಈ ಕಾಲವನ್ನು ತಪ್ಪದೆ ಪಾಲಿಸುತ್ತದೆ. ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಹಗಲು ಕೆರೆಯಲ್ಲಿ, ಕತ್ತಲಾದರೆ ಸುತ್ತಲಿನ ಹೊಲಗಳಲ್ಲಿ ಮೇವು. 2024ರ ಜನವರಿಯಲ್ಲಿ ಈ ಕೆರೆಗೆ ಮಹತ್ವದ ಜೌಗುಭೂಮಿಗಳಿಗೆ ಸಲ್ಲುವ ರಾಮ್ಸಾರ್ ಮಾನ್ಯತೆಯೂ ಸಿಕ್ಕಿತು. ಶಿವರಾತ್ರಿಯ ಹೊತ್ತಿಗೆ ಅವು ಉತ್ತರಕ್ಕೆ ತಿರುಗುವ ಸಿದ್ಧತೆಯಲ್ಲಿರುತ್ತವೆ. ಗಜೇಂದ್ರಗಡ, ಗದಗ, ಮಾಗಡಿಯನ್ನು ಒಂದೇ ಪ್ರವಾಸದಲ್ಲಿ ಕೂಡಿಸಲು ಫೆಬ್ರುವರಿಗಿಂತ ಒಳ್ಳೆಯ ತಿಂಗಳಿಲ್ಲ. ಶ್ರಾವಣದಲ್ಲಿ ಈ ಹಕ್ಕಿಯ ಒಂದು ರೆಕ್ಕೆಯೂ ಕಾಣದು.

ಎದುರು ಪಕ್ಷಕ್ಕೆ ಸಲ್ಲಬೇಕಾದದ್ದು ಸಲ್ಲಲಿ. ತಿರುಗುವ ಗಾಳಿ ಫ್ಯಾನುಗಳನ್ನೇ ನೋಡಬೇಕೆಂದಿರುವವರು ಆಷಾಢದಲ್ಲಿ ಹೋಗಲಿ. ಗಾಳಿಯ ಜೋರು ಆಗಲೇ. ಫೆಬ್ರುವರಿಯಲ್ಲಿ ಅವು ಎಷ್ಟೋ ಸಲ ಕೈಕಟ್ಟಿ ನಿಂತಿರುತ್ತವೆ. ಬಿಸಿಲೂ ಸುಳ್ಳಲ್ಲ. ಫೆಬ್ರುವರಿ ಮಧ್ಯಾಹ್ನ 32-33 ಡಿಗ್ರಿ, ಮಾರ್ಚ್ ಕೊನೆಗೆ ಇನ್ನೂ ನಾಲ್ಕು ಡಿಗ್ರಿ ಮೇಲೆ. ಆದರೆ ಫೆಬ್ರುವರಿಯ ಬೆಳಗು 18 ಡಿಗ್ರಿ ಆಸುಪಾಸಿನದು, ಕಂಬಳಿ ಬಿಟ್ಟೇಳಲು ಮನಸ್ಸಾಗದ ಚಳಿ. ಇಲ್ಲಿನ ರೈತ ಸಾವಿರ ವರ್ಷದಿಂದ ಮಾಡುತ್ತಿರುವುದನ್ನು ಪ್ರವಾಸಿ ಮಾಡಿದರಾಯಿತು: ಬೆಳಕು ಹರಿಯುವ ಮೊದಲು ಹೊರಟು, ಹತ್ತಕ್ಕೆ ಗುಡ್ಡ ಇಳಿದು, ಬಿಸಿಲು ತಲೆಯ ಮೇಲಿದ್ದಾಗ ರೊಟ್ಟಿ, ಎಣ್ಣಿಗಾಯಿ ಉಂಡು ನೆರಳಲ್ಲಿದ್ದು, ನಾಲ್ಕರ ನಂತರ ಮತ್ತೆ ಹೊರಡುವುದು. ಸಂಜೆಗೆ ಗಿರಮಿಟ್ಟು, ಮಿರ್ಚಿ ಭಜಿ.

ಬಿಸಿಲಿಗಿಂತ ಹೆಚ್ಚಾಗಿ ಕಾಡುವುದು ಬೇರೆ. ಕೋಟೆಯ ದಾರಿಯಲ್ಲಿ ನೆರಳಿಗೆ ಒಂದು ಚಪ್ಪರ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ, ಒಪ್ಪಂದದ ಕಥೆ ಹೇಳುವ ಒಂದು ಕನ್ನಡ ಫಲಕ; ಇವು ಇರಬೇಕಾದಂತೆ ಇಲ್ಲ. ಕೇಳಿದರೆ ‘ಜನವೇ ಬರುವುದಿಲ್ಲವಲ್ಲ’ ಎಂಬ ಉತ್ತರ. ಜನ ಬಾರದಿರುವುದಕ್ಕೆ ‘ಈಗ ಏನೂ ಇಲ್ಲ’ ಎಂಬ ಮಾತು ಕಾರಣ, ಸೌಕರ್ಯ ಇಲ್ಲದಿರುವುದಕ್ಕೆ ಜನ ಬಾರದಿರುವುದು ಕಾರಣ. ಈ ಸುತ್ತಿನಲ್ಲಿ ನಷ್ಟವಾಗುವುದು ನೇಕಾರನಿಗೆ, ಖಾನಾವಳಿಯವಳಿಗೆ, ಟಂಟಂ ಓಡಿಸುವ ಹುಡುಗನಿಗೆ. ಗಜೇಂದ್ರಗಡಕ್ಕೆ ರೈಲಿಲ್ಲ, ಗದಗ, ಬಾದಾಮಿ, ಕುಷ್ಟಗಿ, ಇಳಕಲ್ಲಿನಿಂದ ಬಸ್ಸೇ ಗತಿ. ತಾಲ್ಲೂಕು ಕೇಂದ್ರವಾದ ಮೇಲೂ ಬಾದಾಮಿಗೆ ಹೋಗುವವರು ಕಿಟಕಿಯಿಂದ ನೋಡಿ ದಾಟುವ ಊರಾಗಿಯೇ ಅದು ಉಳಿದಿದೆ.

ಪ್ರವಾಸೋದ್ಯಮ ಇಲಾಖೆ ಮಾಡಬೇಕಾದ ಮೊದಲ ಕೆಲಸಕ್ಕೆ ದುಡ್ಡು ಬೇಕಿಲ್ಲ. ಗಜೇಂದ್ರಗಡದ ಮುಂದೆ ‘ಭೇಟಿಗೆ ಸೂಕ್ತ ಕಾಲ’ ಎಂಬ ಸಾಲಿನಲ್ಲಿ ಮಳೆಗಾಲದ ಜತೆಗೆ ಫೆಬ್ರುವರಿ, ಮಾರ್ಚ್ ತಿಂಗಳನ್ನೂ ಸೇರಿಸಿ, ಏಕೆಂದರೆ ಜೋಳದ ಸುಗ್ಗಿ, ಮಗ್ಗ, ಹೆಬ್ಬಾತು, ಯುಗಾದಿ ಎಂದು ನಾಲ್ಕು ಕಾರಣ ಬರೆಯಲಿ. ಎರಡನೆಯದಕ್ಕೆ ಸ್ವಲ್ಪ ದುಡ್ಡು ಬೇಕು: ಭರತ ಹುಣ್ಣಿಮೆಯಿಂದ ಯುಗಾದಿಯ ತನಕ ಗದಗದಿಂದ ನಸುಕಿಗೆ ಹೊರಟು ಕೋಟೆ, ಕಾಲಕಾಲೇಶ್ವರ, ಸೂಡಿ, ಇಟಗಿ ಮುಟ್ಟಿ ಬರುವ ಒಂದು ಬಸ್ಸು. ಓದುಗರು ಅದಕ್ಕೂ ಕಾಯಬೇಕಿಲ್ಲ. ಬರುವ ಶಿವರಾತ್ರಿಯ ರಜೆಗೆ ಒಂದು ಟೋಪಿ, ಎರಡು ಬಾಟಲಿ ನೀರು ಹಿಡಿದು ಗಜೇಂದ್ರಗಡದ ಬಸ್ಸು ಹತ್ತಿ. ಚಹಾದಂಗಡಿಯವರು ‘ಈಗ ಏನೂ ಇಲ್ರಿ’ ಎಂದರೆ ನಂಬಬೇಡಿ. ಜೋಳ ಕೀಳುವ ಹೊಲ ಯಾವ ದಿಕ್ಕಿಗಿದೆ ಎಂದು ಕೇಳಿ.